ಬಳೆಯ ಮೇಲೆ ದಬ್ಬೆ

ಮನುಷ್ಯರನ್ನು ಮುಟ್ಟುವುದೆಂದರೆ ನನಗೆ ಮೊದಲಿನಿಂದಲೂ ಸಂಕೋಚ. ಲಿಫ್ಟಿಗೆ ಯಾರಾದರೂ ಬಂದರೆ ಮೂಲೆಗೆ ಸರಿದು ಮೊಬೈಲಿನ ಕಪ್ಪು ಪರದೆಯನ್ನು ಓದುವವಳು ನಾನು. ಇಂಥವಳು ಮರಾಠಿ ಸೀಮೆಯ ವಾಕಡದ ಆಫೀಸಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿಗೆ ಹೆಸರು ಕೊಟ್ಟಿದ್ದು ಸೇವಾಭಾವದಿಂದಲ್ಲ. ಆ ಮಧ್ಯಾಹ್ನ ಇದ್ದ ಇನ್ನೊಂದು ಆಯ್ಕೆ ಅಂತ್ಯಾಕ್ಷರಿ. ಸಹೋದ್ಯೋಗಿಯೊಬ್ಬನ ಗಟ್ಟಿಮುಟ್ಟಾದ ಕೈಗೆ ನಾನು ಕಟ್ಟಿದ ದಬ್ಬೆಯನ್ನು ತರಬೇತಿಯವರು ಎಲ್ಲರಿಗೂ ತೋರಿಸಿದರು. ಮುರಿಯದ ಕೈಗೆ ಅಷ್ಟು ಅಂದವಾಗಿ ಕಟ್ಟಿದವರು ಬೇರೆ ಯಾರೂ ಇರಲಿಲ್ಲ.

ಮುರಿದ ಕೈ ಸಿಕ್ಕಿದ್ದು ನಮ್ಮ ಕಟ್ಟಡದ ಮೆಟ್ಟಿಲ ಮೇಲೆ. ಎದುರು ಮನೆಯ ಹೆಂಗಸು, ನಾವೆಲ್ಲ ಕಾಕು ಅನ್ನುತ್ತಿದ್ದವರು, ವಿಜಯಪುರದ ಕಡೆಯವರು. ಅವರ ಗಂಡ ಎರಡು ದಿನದಿಂದ ಹೃದಯದ ಕಾಯಿಲೆಯಿಂದ ಐಸಿಯುವಿನಲ್ಲಿದ್ದರು. ಆಸ್ಪತ್ರೆಗೆ ಡಬ್ಬಿ ಒಯ್ಯುವ ಅವಸರದಲ್ಲಿ ಕಾಕು ಜಾರಿ ಬಿದ್ದಿದ್ದರು. ಬಲಗೈ ಮಣಿಕಟ್ಟು ಸೌಟಿನ ಹಾಗೆ ಬಾಗಿತ್ತು. ಮೇಲೆ ಹಸಿರು ಗಾಜಿನ ಬಳೆಗಳು, ಒಂದೂ ಒಡೆದಿರಲಿಲ್ಲ. ಊತ ಏರುವ ಮೊದಲೇ ಬಳೆ ತೆಗೆಯಬೇಕು, ದಬ್ಬೆ ಆಮೇಲೆ. ನನಗೆ ಪಾಠ ಬಾಯಿಪಾಠವಾಗಿತ್ತು. ಆದರೆ ಆ ನೋವಿನಲ್ಲಿ ಜಾರಿಸಿ ತೆಗೆಯುವ ಹಾಗಿರಲಿಲ್ಲ, ಒಡೆಯಬೇಕಿತ್ತು.

“ಏ ತಂಗಿ, ಬ್ಯಾಡ! ಅವ್ರು ಅಲ್ಲಿ ಹಂಗ ಮಲಗ್ಯಾರ, ನೀ ಇಲ್ಲಿ ನನ್ನ ಬಳೆ ಒಡೀತಿ ಏನ?”

“ಹಾಗಲ್ಲ ಕಾಕು, ಕೈ ಊದಿಕೊಂಡರೆ ರಕ್ತ ನಿಂತುಬಿಡುತ್ತೆ.”

“ನಿಂತ್ರ ನಿಲ್ಲಲಿ. ಕೈ ಹೋದ್ರ ಇನ್ನೊಂದು ಅದ.”

ವಾದ ಮಾಡುವುದು ನನಗೆ ಒಗ್ಗದು. ಮೆಟ್ಟಿಲ ಬಳಿ ಬಿದ್ದಿದ್ದ ಮರಾಠಿ ಪೇಪರನ್ನು ದಬ್ಬೆಯ ಹಾಗೆ ಮಡಚಿಟ್ಟು, ನನ್ನ ದುಪಟ್ಟಾದಿಂದ, ಬಳೆಗಳ ಮೇಲೆಯೇ ಬಿಗಿದೆ. ಗಂಟು ಬಹಳ ಚೆನ್ನಾಗಿ ಬಂತು. ಇದನ್ನು ಈಗಲೂ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ರಿಕ್ಷಾ ಟ್ರಾಫಿಕ್ಕಿನಲ್ಲಿ ನಿಂತಾಗ ಕಾಕುವಿನ ಉಗುರು ಒತ್ತಿ ನೋಡಿದೆ. ಬಿಳಿಚಿಕೊಂಡದ್ದು ಮತ್ತೆ ಕೆಂಪಗಾಗಲಿಲ್ಲ. ಬೆರಳು ತಣ್ಣಗಿತ್ತು. “ಆಗಿಂದ ಜುಮುಜುಮು ಅಂತಿತ್ತು. ಈಗ ಏನೂ ಗೊತ್ತಾಗವಲ್ದು,” ಅಂದರು. ನನ್ನ ಚೆಂದದ ಗಂಟನ್ನು ಬಿಚ್ಚಿದೆ. ಬಳೆಗಳು ಊತದಲ್ಲಿ ಹೂತುಹೋಗಿದ್ದವು. ಹಿಂತಿರುಗಿ ನೋಡಿದ ರಿಕ್ಷಾದವನು ಸೀಟಿನಡಿಯಿಂದ ಇಕ್ಕಳ ತೆಗೆದು ಕೊಟ್ಟು, “ಘ್ಯಾ ತಾಈ, ಲವಕರ್,” ಎಂದು ಅವಸರಿಸಿದ. ಈ ಸಲ ನಾನು ಕಾಕುವನ್ನು ಕೇಳಲಿಲ್ಲ. ಕರವಸ್ತ್ರ ಮುಚ್ಚಿ ಒಂದೊಂದಾಗಿ ಒಡೆದೆ. ಅಷ್ಟು ನೋವಿಗೂ ಅಳದವರು, ಡಬ್ಬಿಯನ್ನು ಎದೆಗವಚಿಕೊಂಡು, ಮುಖ ಆಚೆ ತಿರುಗಿಸಿ ಅತ್ತರು. ಮತ್ತೆ ಸಡಿಲವಾಗಿ ಕಟ್ಟಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆರಳು ಬೆಚ್ಚಗಾಗಿತ್ತು.

ಅದಾದ ಮೂರನೆಯ ದಿನ ಅವರ ಗಂಡ ತೀರಿಕೊಂಡರು. ಹೃದಯಕ್ಕೂ ಬಳೆಗೂ ಸಂಬಂಧವಿಲ್ಲವೆಂದು ಎಂ.ಎಸ್ಸಿ. ಮಾಡಿದ ನನಗೆ ಗೊತ್ತು. ಗೊತ್ತಿದ್ದೂ ಎದುರು ಮನೆಗೆ ಹೋಗಲು ಹತ್ತು ದಿನ ಬೇಕಾಯಿತು. ಹೋದಾಗ ನೆಂಟರ ಹೆಂಗಸರು ಬಳೆ ತೆಗೆಸುವ ಶಾಸ್ತ್ರಕ್ಕೆ ಕೂತಿದ್ದರು.

“ಎಡಗೈಯಿಂದು ಆತು, ಬಲಗೈ ಕೊಡ್ರಿ ವೈನಿ,” ಎಂದರು ನಾದಿನಿ.

ಕಾಕು ಸೆರಗಿನಡಿಯಿಂದ ಪ್ಲಾಸ್ಟರಿನ ಕೈ ಎತ್ತಿ, ಬಾಗಿಲಲ್ಲಿದ್ದ ನನ್ನನ್ನು ತೋರಿಸಿದರು. “ಈ ಕೈಯಿಂದು ಆ ಹುಡುಗಿ ಮೊದಲ ಮುಗಿಸ್ಯಾಳ.”

ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು. ನಾನು ಏನಾದರೂ ಹೇಳಲೇಬೇಕಿತ್ತು. ಅವರ ಮುಖ ನೋಡುವ ಧೈರ್ಯವಾಗದೆ, ಪ್ಲಾಸ್ಟರಿನ ಆಚೆ ಕೆಂಪಗೆ ಕಾಣುತ್ತಿದ್ದ ಬೆರಳುಗಳನ್ನು ನೋಡಿದೆ.

“ಬಣ್ಣ ಚೆನ್ನಾಗಿದೆ ಕಾಕು,” ಅಂದೆ.