ನವರಂಗದ ಬುತ್ತಿ

ಈ ಸಲ ನೀಲಿ ನವರಂಗ ಹಕ್ಕಿಯನ್ನು ಮಾನೋಪ್ ಅವರ ಮೂಗಿನ ಮುಂದೆ ತಂದು ಕೂರಿಸದಿದ್ದರೆ ಹಕ್ಕಿ ತೋರಿಸುವ ಕೆಲಸಕ್ಕೇ ಕೈಮುಗಿದುಬಿಡುತ್ತೇನೆ ಎಂದು ಥಾವೋರ್ನ್ ಊರಿನ ಕಾಫಿ ಅಂಗಡಿಯಲ್ಲಿ ಸಾರಿಬಿಟ್ಟ. ಒಬ್ಬನೇ ಇದ್ದಾಗ ಹೇಳಿಕೊಂಡಿದ್ದರೆ ನಡೆಯುತ್ತಿತ್ತು. ಆದರೆ ಅಂಗಡಿ ತುಂಬಿತ್ತು, ಫೆಟ್ಚಬುರಿ ಕಾಡಂಚಿನ ಅರ್ಧ ಊರು ಅಲ್ಲೇ ಕೂತು ಕಾಫಿ ಹೀರುತ್ತಿತ್ತು.

ಅವನ ಸಂಕಟಕ್ಕೂ ಕಾರಣವಿತ್ತು. ಬ್ಯಾಂಕಾಕಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಮಾನೋಪ್ ಮತ್ತು ಹಲ್ಲಿನ ಡಾಕ್ಟರಾಗಿದ್ದ ಅವರ ಹೆಂಡತಿ ರಂಫಾ ಆ ಹಕ್ಕಿಗಾಗಿ ವರ್ಷವರ್ಷವೂ ಬರುತ್ತಿದ್ದರು. ಪ್ರತಿ ವರ್ಷವೂ ಹಕ್ಕಿ ಆಗತಾನೆ ಎದ್ದು ಹೋಗಿರುತ್ತಿತ್ತು. ಹೋದ ಸಲ ಹೊರಡುವಾಗ ಮಾನೋಪ್ ಸಿಟ್ಟು ಮಾಡಿಕೊಂಡಿರಲಿಲ್ಲ. ಕೈಜೋಡಿಸಿ, "ಎಲೆಗಳು ತುಂಬಾ ಚೆನ್ನಾಗಿದ್ವು ಥಾವೋರ್ನ್" ಎಂದಿದ್ದರು. ಆ ಮರ್ಯಾದೆಯ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತ್ತು. ಸಾಲದ್ದಕ್ಕೆ, ಅವರು ಇಳಿದುಕೊಳ್ಳುತ್ತಿದ್ದ ಅತಿಥಿಗೃಹದ ಯಜಮಾನಿ ಪಕ್ಕದೂರಿನಲ್ಲೂ ಒಬ್ಬ ಒಳ್ಳೆಯ ಗೈಡ್ ಇದ್ದಾನಂತೆ ಎಂದು ಯಾರಿಗೋ ಹೇಳುವವಳಂತೆ ಇವನಿಗೇ ಕೇಳಿಸಿದ್ದಳು.

ಹಾಗಾಗಿ ಥಾವೋರ್ನ್ ಲಂಚದ ಮಾರ್ಗ ಹಿಡಿದ. ಕಾಡಿನೊಳಗೆ ಒಂದು ಪುಟ್ಟ ನೀರಿನ ಗುಂಡಿ, ಅದರ ಎದುರಿಗೆ ಕಪ್ಪು ಬಲೆಬಟ್ಟೆ ಕಟ್ಟಿ ಮಾಡಿದ ಮರೆ. ಅಲ್ಲಿ ಕೂತು ದಿನವೂ ಜೀವಂತ ಹುಳುಗಳನ್ನು ಎಸೆದ. ಮೊದಮೊದಲು ಅನುಮಾನಿಸಿದ ನೀಲಿ ನವರಂಗ ಆಮೇಲೆ ಸರ್ಕಾರಿ ಅಧಿಕಾರಿಯ ಗತ್ತಿನಲ್ಲಿ ಕುಪ್ಪಳಿಸಿ ಬಂದು, ತಿಂದು, ಧನ್ಯವಾದ ಹೇಳದೆ ಹೋಗತೊಡಗಿತು. ಥಾವೋರ್ನ್ ಅದಕ್ಕೆ ಮನಸ್ಸಿನಲ್ಲೇ "ಸಾಹೇಬರು" ಎಂದು ಹೆಸರಿಟ್ಟ.

ಸಾಹೇಬರ ಆಹಾರ ಇರುತ್ತಿದ್ದದ್ದು ಮನೆಯ ಫ್ರಿಜ್ಜಿನಲ್ಲಿ. ತಣ್ಣಗಿದ್ದರೆ ಹುಳುಗಳು ಮಂಕಾಗಿ ಬಿದ್ದಿರುತ್ತವೆ, ಬೆಚ್ಚಗಾದರೆ ಜೀರುಂಡೆಯಾಗಿ ಹಾರಿಹೋಗುತ್ತವೆ. ಇದನ್ನು ಅವನು ಹೆಂಡತಿ ಬುವಾಗೆ ವಿಜ್ಞಾನಿಯಂತೆ ವಿವರಿಸಿದ್ದ.

"ಫ್ರಿಜ್ಜಲ್ಲೂ ಹುಳ, ನಿಮ್ಮ ತಲೇಲೂ ಹುಳ," ಎಂದಿದ್ದಳು ಬುವಾ. "ಇನ್ನು ನಾನು ಸೊಪ್ಪು ಎಲ್ಲಿಡ್ಲಿ, ಕಾಡಲ್ಲಾ?"

ಹಾಗೆಂದು ಬುವಾಗೆ ಹುಳುವೆಂದರೆ ಅಸಹ್ಯವೇನೂ ಇರಲಿಲ್ಲ. ಅವಳು ಉತ್ತರದ ನಾನ್ ಸೀಮೆಯವಳು. ಅವಳ ತವರಿನಲ್ಲಿ ಬಿದಿರು ಹುಳು ಹುರಿದು ಬಡಿಸಿದರೆ ಬೀಗರಿಗೆ ಸಂದ ಗೌರವ. ಅವಳ ಸಿಟ್ಟೇನಿದ್ದರೂ ಅಷ್ಟು ಕೊಬ್ಬಿದ ಹುಳುಗಳನ್ನು ಹಕ್ಕಿಗೆ ಸುರಿಯುವುದರ ಬಗ್ಗೆ.

ಮಾನೋಪ್ ದಂಪತಿ ಬಂದಿಳಿದ ಸಂಜೆ ಥಾವೋರ್ನ್ ಖುಷಿಯಲ್ಲಿ ನೆಲದ ಮೇಲೆ ನಡೆಯುತ್ತಿರಲಿಲ್ಲ. ಅಡುಗೆಮನೆಗೆ ಇಣುಕಿ, "ಬುವಾ, ಫ್ರಿಜ್ಜಲ್ಲಿರೋ ಡಬ್ಬಿ ನಾಳೆ ಬುತ್ತಿ ಜೊತೆ ಬರ್ಲೇಬೇಕು. ಸಾಹೇಬರಿಗೆ ಅದಂದ್ರೆ ಪ್ರಾಣ. ಚೆನ್ನಾಗಿ ರೆಡಿ ಮಾಡಿಡು," ಎಂದ. ಹುಳುಗಳಿಗೆ ಅಂಟಿದ ತೌಡನ್ನು ಜರಡಿ ಹಿಡಿದು ತೆಗೆದಿಡು ಎನ್ನುವುದು ಅವನ ಅರ್ಥ. ಬುವಾ ಒಂದು ಕ್ಷಣ ಅವನ ಮುಖ ನೋಡಿದಳು. ಗಂಡನಿಗೆ ಕಡೆಗೂ ಬುದ್ಧಿ ಬಂತೆಂದು ಅವಳಿಗೆ ಸಂತೋಷವೇ ಆಯಿತು.

ಅತಿಥಿಗೃಹದ ಕೆಲಸದವಳಿಗೆ ಜ್ವರ ಬಂದದ್ದರಿಂದ ಬೆಳಿಗ್ಗೆ ಬುಟ್ಟಿ ಹೊತ್ತು ಬುವಾಳೇ ಹೊರಟಳು. ನಾಲ್ವರೂ ಮರೆಯೊಳಗೆ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತರು. ಮಾನೋಪ್ ತಮ್ಮ ಫಿರಂಗಿಯಂಥ ಕ್ಯಾಮೆರಾವನ್ನು ಬಲೆಯ ಕಿಂಡಿಗೆ ಹೂಡಿದರು. ರಂಫಾ ದುರ್ಬೀನು ಎತ್ತಿದರು. ಉಸಿರಾಡುವುದಿದ್ದರೂ ಮೆಲ್ಲಗೆ ಎಂದು ಥಾವೋರ್ನ್ ಅಪ್ಪಣೆ ಹೊರಡಿಸಿ, ಪೂಜಾರಿಯ ಗಾಂಭೀರ್ಯದಿಂದ ಡಬ್ಬಿಯ ಮುಚ್ಚಳ ತೆಗೆದ.

ಘಮ್ಮೆಂದಿತು. ಬೆಳ್ಳುಳ್ಳಿ, ನಿಂಬೆ ಎಲೆ, ಮೇಲಷ್ಟು ಮೆಣಸಿನಪುಡಿ. ಹೊಂಬಣ್ಣಕ್ಕೆ ಗರಿಗರಿಯಾಗಿ ಹುರಿದ ಸಾಹೇಬರ ನಾಷ್ಟಾ ಡಬ್ಬಿಯ ತುಂಬ ಮಿನುಗುತ್ತಿತ್ತು.

ಮುಂದಿನ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಬೇಕಾಯಿತು. ಗಂಡಹೆಂಡತಿ ಕಿವಿಗೆ ಬಾಯಿಟ್ಟು ಜಗಳವಾಡುವುದನ್ನು ಆ ಕಾಡು ಅದೇ ಮೊದಲು ಕಂಡಿರಬೇಕು.

"ಏನ್ ಮಾರಾಯ್ತಿ ಇದು?"

"ನೀವೇ ಹೇಳಿದ್ರಲ್ಲ, ಸಾಹೇಬರಿಗೆ ಪ್ರಾಣ ಅಂತ."

"ಸಾಹೇಬರು ಅಂದ್ರೆ ಹಕ್ಕಿ ಕಣೇ."

"ಹಕ್ಕೀನ ಯಾರಾದ್ರೂ ಸಾಹೇಬರು ಅಂತಾರಾ? ನಾನು ಇವ್ರು ಅಂದ್ಕೊಂಡೆ." ಬುವಾ ಗಲ್ಲದಿಂದ ಮಾನೋಪ್ ಕಡೆ ತೋರಿಸಿದಳು.

ತಮ್ಮ ವಿಷಯ ಬಂತೆಂದು ತಿರುಗಿದ ಮಾನೋಪ್ ಮೂಗರಳಿಸಿದರು. ಒಂದು ಹುಳು ಎತ್ತಿ ಬಾಯಿಗೆ ಹಾಕಿಕೊಂಡರು. ಕರುಂ ಎಂದಿತು. ಆಮೇಲೆ ಹಿಡಿ ತುಂಬ ಎತ್ತಿದರು. ರಂಫಾ ಡಬ್ಬಿಯನ್ನೇ ತೊಡೆಯ ಮೇಲೆಳೆದುಕೊಂಡು, ಅಂಟಕ್ಕಿ ಅನ್ನವೂ ಇದೆಯಾ ಎಂದು ಬುವಾಳನ್ನು ಸನ್ನೆಯಲ್ಲೇ ಕೇಳಿದರು.

ಥಾವೋರ್ನ್ ಉಳಿದಷ್ಟನ್ನು ಬಾಚಿ ಗುಂಡಿಯ ಅಂಚಿಗೆ ಎಸೆದು ನೋಡಿದ. ಒಂದು ಕಾಡುಕೋಳಿ ಬಂದು ಕುಕ್ಕಿತು. ಹುರಿದದ್ದು ಹಿಡಿಸಲಿಲ್ಲವೋ ಏನೋ, ಕೊಕ್ಕು ಒದರಿ, ಮರೆಯ ಕಡೆಗೊಮ್ಮೆ ಕೆಕ್ಕರಿಸಿ ಹೊರಟುಹೋಯಿತು. ಸಾಹೇಬರ ಸುಳಿವಿಲ್ಲ. ಈ ಹೊತ್ತಿಗೆ ಬರಬೇಕಿತ್ತು. ತುಸು ತಡವಾದರೆ ಬೇರೆಡೆಗೆ ಹೋಗಿಬಿಡುತ್ತಿತ್ತು. ಇನ್ನೊಂದು ವರ್ಷ ಎಲೆಗಳ ಫೋಟೋ, ಪಕ್ಕದೂರಿನ ಗೈಡನ ನಗು, ಕಾಫಿ ಅಂಗಡಿಯ ಮುಖಗಳು, ಎಲ್ಲವೂ ಅವನ ಕಣ್ಣೆದುರು ಮೆರವಣಿಗೆ ಹೊರಟವು.

ಅವನು ಮರೆಯ ಹಿಂಬದಿಯಿಂದ ತೆವಳಿಕೊಂಡು ಹೊರಬಿದ್ದ. ಗುಂಡಿಯ ಆಚೆ ಬಿದ್ದಿದ್ದ ಕೊಳೆತ ಮರದ ಬುಡದಲ್ಲಿ ಕೋಲಿನಿಂದ ಮಣ್ಣು ಕೆದಕತೊಡಗಿದ. ಎರೆಹುಳು, ಗೆದ್ದಲು, ಯಾವುದಾದರೂ ಸರಿ, ಹಸಿಯಾಗಿದ್ದರೆ ಸಾಕು! ಬಗ್ಗಿ ಬಗ್ಗಿ ಕೆದಕಿ, ಏಳುವಾಗ ಆಧಾರಕ್ಕೆಂದು ತಲೆಯ ಮೇಲಿನ ಕೊಂಬೆ ಹಿಡಿದೆಳೆದ. ಕೊಂಬೆಯಲ್ಲಿ ಕೆಂಜಿಗದ ಗೂಡಿತ್ತು.

ಗೂಡು ಹೆಗಲ ಮೇಲೇ ಬಿತ್ತು. ಇರುವೆಗಳು ಅಂಗಿಯ ಕಾಲರಿನಿಂದ ಒಳಗಿಳಿದವು. ಕಾಡಿನಲ್ಲಿ ಕೂಗಬಾರದೆಂಬ ತನ್ನದೇ ನಿಯಮಕ್ಕೆ ಕಟ್ಟುಬಿದ್ದ ಥಾವೋರ್ನ್ ಸದ್ದಿಲ್ಲದೆ ಕುಣಿದ. ಒಂದು ಕಾಲೆತ್ತಿದ, ಇನ್ನೊಂದು ಕಾಲೆತ್ತಿದ, ಅಂಗಿ ಕಿತ್ತೆಸೆದ, ಎರಡೂ ಕಾಲು ಒಟ್ಟಿಗೆ ಎತ್ತಲು ಹೋಗಿ ನೀರಿನ ಗುಂಡಿಗೆ ಬಿದ್ದ. ಮೊಣಕಾಲುದ್ದದ ನೀರಿನಿಂದ ಎದ್ದು ನಿಂತಾಗ, ಎದುರಿನ ಬಲೆಯ ಕಿಂಡಿಯಿಂದ ಡಾಕ್ಟರಮ್ಮನ ಕೈಯೊಂದು ಹೊರಬಂದು ಗಾಳಿಯಲ್ಲಿ ಅಂಗೈ ಒತ್ತಿತು. ಅಲ್ಲಾಡಬೇಡ.

ಅವನು ಅಲ್ಲಾಡಲಿಲ್ಲ.

ಅವನ ಬೆನ್ನ ಹಿಂದೆ, ಅವನೇ ಕೆದಕಿದ ಹಸಿ ಮಣ್ಣಿನ ಮೇಲೆ, ತಟಪಟ ಕುಪ್ಪಳಿಸುವ ಸದ್ದು ಕೇಳಿಸಿತು. ಆ ಸದ್ದು ಅವನಿಗೆ ತನ್ನ ಉಸಿರಿನಷ್ಟೇ ಪರಿಚಿತ. ತಿರುಗಿ ನೋಡುವಂತಿಲ್ಲ. ಹೊಕ್ಕುಳ ಸುತ್ತ ಕೆಂಜಿಗಗಳು ಕಚ್ಚುತ್ತಿವೆ, ಕೈ ಎತ್ತುವಂತಿಲ್ಲ. ಕ್ಯಾಮೆರಾ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಿಂಡಿಯ ಇನ್ನೊಂದು ಮೂಲೆಯಲ್ಲಿ ಬುವಾಳ ಕಣ್ಣುಗಳು ಕಾಣುತ್ತಿದ್ದವು. ಅವು ನಗುತ್ತಿದ್ದವೆಂದು ಅವನು ಮೊದಲು ತಿಳಿದ. ಆಮೇಲೆ ಗೊತ್ತಾಯಿತು, ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಬಾಯಿ ತೆರೆದುಕೊಂಡು ಅವನ ಹಿಂದಿನ ಆ ನೀಲಿಯನ್ನು ನೋಡುತ್ತಿದ್ದಳು. ಇಷ್ಟು ವರ್ಷ ಅದರ ಪಕ್ಕದಲ್ಲೇ ಸಂಸಾರ ಮಾಡಿಯೂ ಅವಳು ಅದನ್ನು ಕಂಡದ್ದು ಅಂದೇ ಮೊದಲು.

ಸಾಹೇಬರು ಸಾವಕಾಶವಾಗಿ ಎರೆಹುಳು ಮುಗಿಸಿ ಹೋದ ಮೇಲೆ ರಂಫಾ ಹೊರಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಅವನ ಎರಡೂ ಕೈ ಹಿಡಿದು ಅದುಮಿ, ಚೀಲದಿಂದ ಮುಲಾಮು ತೆಗೆದುಕೊಟ್ಟರು. ಮಾನೋಪ್ ಕ್ಯಾಮೆರಾದ ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಕ್ಯಾಮೆರಾ ಎದುರಿಗೆ ಕಂಡ ದೊಡ್ಡ ಪ್ರಾಣಿಯನ್ನೇ ಹಿಡಿದುಕೊಂಡಿತ್ತು. ಒಂದೊಂದು ಚಿತ್ರದಲ್ಲೂ ಥಾವೋರ್ನನ ಹೊಟ್ಟೆ, ಅದರ ಮೇಲಿನ ಒಂದೊಂದು ಇರುವೆಯೂ ಎಣಿಸುವಷ್ಟು ಸ್ಪಷ್ಟ. ಸೊಂಟದ ಪಕ್ಕದಲ್ಲಿ ನೀಲಿ ಶಾಯಿ ಚೆಲ್ಲಿದಂತೆ ಏನೋ ಒಂದು.

"ನಾನು ಕಣ್ಣಾರೆ ಕಂಡೆನಲ್ಲ, ಸಾಕು," ಎಂದರು ಮಾನೋಪ್. ಈ ಸಲ ಅದು ಬರೀ ಮರ್ಯಾದೆಗೆ ಹೇಳಿದ ಮಾತಾಗಿರಲಿಲ್ಲ.

ಬಾವು ಇಳಿಯುವ ಮೊದಲೇ ಥಾವೋರ್ನನ ಎದೆ ಉಬ್ಬಿತು. ಕಾಫಿ ಅಂಗಡಿಯಲ್ಲಿ ಅವನು ಕಥೆಯನ್ನು ಇರುವೆಗಳನ್ನು ಬಿಟ್ಟು ಹೇಳಿದ. ಮನೆಗೆ ಬರುವಷ್ಟರಲ್ಲಿ ಫೋನು ಬಂತು. ಬ್ಯಾಂಕಾಕಿನ ಹಕ್ಕಿಪ್ರಿಯರ ಸಂಘದ ಹೆಂಗಸೊಬ್ಬರು. ಅವನು ಗಂಟಲು ಸರಿಮಾಡಿಕೊಂಡು ಕಾಡಿನ ವರ್ಣನೆಗೆ ತೊಡಗಿದ. ಅವರು ನಡುವೆಯೇ ತಡೆದರು. ಮಾನೋಪ್ ಫೋಟೋ ಎಲ್ಲರಿಗೂ ಕಳಿಸಿದ್ದಾರೆ, ನೀಲಿ ನವರಂಗ ಹತ್ತಿರ ಬರಬೇಕಾದರೆ ಗೈಡು ಅಂಗಿ ಬಿಚ್ಚಿ ನೀರಲ್ಲಿ ನಿಲ್ಲಬೇಕಂತೆ, ನಿಜವಾ, ಭಾನುವಾರ ಬಂದರೆ ನಿಲ್ಲುತ್ತೀರಾ ಎಂದು ವಿನಯದಿಂದ ಕೇಳಿದರು.

"ಅಂಗಿ ಬಿಚ್ಚಿ ನೀರಲ್ಲಿ ನಿಲ್ಬೇಕಾ?" ಎಂದು ಥಾವೋರ್ನ್ ಫೋನಿಗೇ ಕೂಗಿದ. ಸೊಪ್ಪು ಬಿಡಿಸುತ್ತಿದ್ದ ಬುವಾ ಎದ್ದು ಬಂದು ಅವನ ಕೈಯಿಂದ ಫೋನು ತೆಗೆದುಕೊಂಡಳು.

"ನಿಲ್ತಾರೆ ಬಿಡಿಯಮ್ಮ," ಎಂದಳು. "ಊಟಕ್ಕೆ ಎಷ್ಟು ಜನ?"