ಲಾಗಿಯ ಮೊದಲ ಮಾತು

ಎರಡೂವರೆ ವರ್ಷ ತುಂಬಿದರೂ ಲಾಗಿ ತುಟಿ ಬಿಚ್ಚಿರಲಿಲ್ಲ. "ಏನೇ ಕೆಲಸ ಮಾಡಿದ್ರೂ ಮಗೂಗೆ ಬಾಯಿಬಿಟ್ಟು ಹೇಳ್ತಾ ಇರಿ" ಎಂದಿದ್ದ ನರ್ಸ್ ಇವತ್ತು ಸಂಜೆ ಮತ್ತೆ ಬರುವವಳಿದ್ದಳು. ಅಷ್ಟರೊಳಗೆ ಮಾತು ಬರದಿದ್ದರೆ ತಾಯಿ ಮಗಳಿಬ್ಬರೂ ಹಡಗು ಹತ್ತಿ ರಾಜಧಾನಿ ಆಪಿಯಾಕ್ಕೆ ಹೋಗಿ, ಅಲ್ಲಿನ ಮಾತಿನ ತರಬೇತಿ ಕೇಂದ್ರದಲ್ಲಿ ಮೂರು ತಿಂಗಳು ಇರಬೇಕು. ಲಾಗಿಯ ಅಪ್ಪ ಪೆಸಾಮಿನೊ ಅವರನ್ನು ಒಂದು ದಿನವೂ ಬಿಟ್ಟಿದ್ದವನಲ್ಲ.

ಹೆಂಡತಿ ಶಾಲೆಗೆ ಪಾಠ ಮಾಡಲು ಹೊರಟಿದ್ದೇ ತಡ, ಮಗಳನ್ನು ಸೊಂಟಕ್ಕೇರಿಸಿ ಶುರುಮಾಡಿದ. "ಲಾಗಿ, ಅಪ್ಪ ಈಗ ಕೆಸುವಿನ ಗೆಡ್ಡೆ ಹೆರೀತಾನೆ! ಅಪ್ಪ ಈಗ ಬೆರಳು ಕುಯ್ಕೊಂಡ! ಅಪ್ಪ ಈಗ ಕುಣೀತಾನೆ!"

ನಮ್ಮ ಸವಾಯಿ ದ್ವೀಪದ ಮನೆಗಳಿಗೆ ಗೋಡೆಯೆಲ್ಲಿದೆ, ಬರೀ ಕಂಬ. ಪಕ್ಕದ ಮನೆಯ ಫೆತು ಅತ್ತೆ ಕೂತಲ್ಲಿಂದಲೇ ಕೂಗಿದಳು. "ಅಯ್ಯೋ ಮಾರಾಯ, ಗೆಡ್ಡೆ ಹಂಗಾ ಹೆರೆಯೋದು? ಮಗು ತಪ್ಪೇ ಕಲಿಯುತ್ತೆ, ತಾ ಇಲ್ಲಿ!"

ಅತ್ತೆಯ ಹಿಂದೆ ಚರ್ಚಿನಲ್ಲಿ ಹಾಡುವ ಹೆಂಗಸರು ಬಂದರು, ಬಲೆ ಹೆಣೆಯುವ ಮುದುಕರು ಬಂದರು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಜನ!

"ಇದು ಕೋಳಿ, ಕೋಳಿ ಅನ್ನು!"

"ಕೋಳಿ ಆಮೇಲೆ, ಮೊದ್ಲು ಅಜ್ಜಿ ಅನ್ನು ಪುಟ್ಟಿ!"

ಲಾಗಿ ಸಂತೆಗೆ ಬಂದ ಕರುವಿನಂತೆ ಎಲ್ಲರ ಬಾಯನ್ನೂ ಪಿಳಿಪಿಳಿ ನೋಡುತ್ತಿದ್ದಳು. ಮಾತಾಡಿ ಮಾತಾಡಿ ಪೆಸಾಮಿನೊಗೆ ಒಂದು ತುತ್ತು ತಿನ್ನಲೂ ಪುರುಸೊತ್ತಾಗಲಿಲ್ಲ.

ಸಂಜೆ ಹೆಂಡತಿ ಬಂದಳು, ನರ್ಸ್ ಬಂದಳು, ಊಟಕ್ಕೆಂದು ಊರ ಹಿರಿಯನೂ ಬಂದ. "ಇನ್ನೂ ಮಾತಿಲ್ವಾ? ಹಾಗಾದ್ರೆ ನಾಳೆಗೆ ಬಟ್ಟೆ ಕಟ್ಕೊಳ್ಳಿ" ಎಂದಳು ನರ್ಸ್.

ಅಷ್ಟರಲ್ಲಿ ಸಂಜೆ ಪ್ರಾರ್ಥನೆಯ ಶಂಖ ಮೊಳಗಿತು. ಇನ್ನು ಪ್ರಾರ್ಥನೆ ಮುಗಿಯುವವರೆಗೆ ಯಾರೂ ಮಿಸುಕುವಂತಿಲ್ಲ, ಮಿಸುಕಿದರೆ ಹಿರಿಯ ಹೇಳಿದ್ದೇ ಶಿಕ್ಷೆ. ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಹಸಿವು ತಡೆಯಲಾರದೆ ಪೆಸಾಮಿನೊ ಹಿರಿಯನ ಮುಂದೆ ಬಡಿಸಿಟ್ಟಿದ್ದ ಎಲೆಗೆ ಮೆಲ್ಲಗೆ ಕೈ ಹಾಕಿದ.

ಬೆಳಗಿನಿಂದ ಮೊದಲ ಬಾರಿಗೆ ಊರೇ ಸುಮ್ಮನಿತ್ತು. ಲಾಗಿ ಬಾಯಿ ಬಿಟ್ಟಳು. "ಅಪ್ಪ ಈಗ ತಾತನ ಮೀನು ತಿಂತಾನೆ!"

ಪ್ರಾರ್ಥನೆ ಅಲ್ಲಿಗೇ ನಿಂತಿತು. ಪೆಸಾಮಿನೊ ಬಾಯ್ತುಂಬ ಮೀನಿಟ್ಟುಕೊಂಡೇ ಖುಷಿಯಿಂದ ಅತ್ತುಬಿಟ್ಟ.

"ಒಂದು ಪದ ಕೇಳಿದ್ರೆ ಪೂರ್ತಿ ವಾಕ್ಯ! ತಾಯಿ ಮಗಳು ಎಲ್ಲಿಗೂ ಬರೋದು ಬೇಡ" ಎಂದು ನರ್ಸ್ ಚಪ್ಪಾಳೆ ತಟ್ಟಿದಳು. "ಇಂಥ ಅಪ್ಪ ನಮ್ಮ ಕೇಂದ್ರದಲ್ಲಿ ಒಬ್ಬನೂ ಇಲ್ಲ. ಬೇರೆ ಅಪ್ಪಂದಿರಿಗೆ ಇವ್ರೇ ಬಂದು ಕಲಿಸ್ಬೇಕು!"

ಹಿರಿಯ ತನ್ನ ಖಾಲಿ ಎಲೆಯನ್ನು ನೋಡಿದ. "ಇವನಿಗೇನು ಶಿಕ್ಷೆ ಕೊಡೋದು ಅಂತ ಯೋಚಿಸ್ತಿದ್ದೆ. ಕರ್ಕೊಂಡು ಹೋಗಮ್ಮ, ಮೂರು ತಿಂಗಳು."

ಮರುದಿನ ಪೆಸಾಮಿನೊ ಒಬ್ಬನೇ ಹಡಗು ಹತ್ತಿದ. ದಡದಲ್ಲಿ ಅಮ್ಮನ ಸೊಂಟದ ಮೇಲೆ ಕೂತ ಲಾಗಿ ಅವನತ್ತ ಕೈ ಬೀಸುತ್ತ ಒಂದೇ ಸಮನೆ ಮಾತಾಡುತ್ತಿದ್ದಳು. ಹಡಗಿನ ಗದ್ದಲದಲ್ಲಿ ಅವನಿಗೆ ಒಂದು ಮಾತೂ ಕೇಳಿಸಲಿಲ್ಲ.