ಖಾಲಿ ಜಾಗ ಬಿಡತಕ್ಕದ್ದಲ್ಲ

ಬೆಳಗಾವಿಯ ಸಕಲಕಲಾ ಪ್ರೋತ್ಸಾಹ ಭವನದ ನಿಯಮಾವಳಿಯ ಪ್ರಕಾರ, ಅಲ್ಲಾಡದೆ ನಿಂತಿರುವ ಹೆಂಗಸು ಒಂದು ವಸ್ತು, ಅಲ್ಲಾಡಿದರೆ ನೃತ್ಯ. ಮೂರನೆಯ ವರ್ಗ ಇಲ್ಲ. ಬೇಕೆಂದು ಇದುವರೆಗೆ ಯಾರೂ ಕೇಳಿರಲೂ ಇಲ್ಲ.

ಅನುಜಾ ಕೇಳಿದಳು. ಅವಳ ಯೋಜನೆ ಸರಳವಾಗಿತ್ತು. ಶಹಾಪುರದ ಮಗ್ಗದಲ್ಲಿ ನೇಯಿಸಿದ ಅಂಚಿಲ್ಲದ ಬಿಳಿ ಸೀರೆ ಉಟ್ಟು ಅವಳು ಹತ್ತರಿಂದ ನಾಲ್ಕರವರೆಗೆ ಭವನದ ನಡುವೆ ಸುಮ್ಮನೆ ನಿಲ್ಲುವುದು; ಬಂದ ಹೆಂಗಸರು ತಮ್ಮ ಮೈಯ ಬಗ್ಗೆ ಮನಸ್ಸಿನಲ್ಲೇ ಇಟ್ಟುಕೊಂಡ ಒಂದು ಮಾತನ್ನು ಆ ಸೀರೆಯ ಮೇಲೆ ಬರೆಯುವುದು. ಮೊದಲ ಸಾಲು ಖಾನಾಪುರದಲ್ಲಿದ್ದ ಅವಳ ಅಜ್ಜಿ, ತಂದೆಯ ತಾಯಿ ಸೋನಾಬಾಯಿಯದು ಎಂದು ಆಗಲೇ ಗೊತ್ತಾಗಿತ್ತು. ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಅಜ್ಜಿ ಬಾಯಿ ಬಿಟ್ಟಿದ್ದಳು: "ಆರು ಹಡದೆ. ಬೇಕೇನು ಅಂತ ಒಬ್ರೂ ಕೇಳಲಿಲ್ಲ." ಅಷ್ಟು ಹೇಳಿ ಮತ್ತೆ ಶೇಂಗಾ ಸುಲಿದಳು. ಅನುಜಾ ಮಾತ್ರ ಆ ಮಾತನ್ನು ಬರೆದಿಟ್ಟುಕೊಂಡಳು. ನಿಜ ಹೇಳಬೇಕೆಂದರೆ ಇಡೀ ಪ್ರದರ್ಶನವೇ ಆ ಒಂದು ಸಾಲಿಗಾಗಿ.

ಭವನದ ಗುಮಾಸ್ತ ಕರೆಪ್ಪ ಅರ್ಜಿಯನ್ನು ಎರಡು ಸಲ ಓದಿದ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಂದು ಕಾಗದವನ್ನೂ ಓದದೆ ವಾಪಸು ಕಳಿಸಿದವನಲ್ಲ, ಓದಿಯೇ ಕಳಿಸುತ್ತಿದ್ದ.

"ಅಳ್ಳಾಡೂದಿಲ್ಲ ಹೌದಲ್ರಿ, ಅಕ್ಕಾರ? ಅಳ್ಳಾಡಿದ್ರ ಫೈಲು ಡ್ಯಾನ್ಸಿನ ಟೇಬಲ್ಲಿಗೆ ಹೋಗತೈತಿ. ಆ ಟೇಬಲ್ಲಿನ ಸಾಹೇಬ್ರು ರಿಟೈರ್ ಆಗಿ ಎರಡು ವರ್ಷ ಆತು."

ಅನುಜಾ ಅಲ್ಲಾಡುವುದಿಲ್ಲ ಎಂದು ಬರೆದುಕೊಟ್ಟು ನಮೂನೆ ತುಂಬಿದಳು. ವಸ್ತುವಿನ ಎತ್ತರ: ಐದಡಿ ಮೂರಿಂಚು. ಒಡೆಯುವಂಥದ್ದೇ: ಅಲ್ಲ. ಹಿಂದೆ ದುರಸ್ತಿಯಾಗಿದೆಯೇ: ಅಪೆಂಡಿಕ್ಸ್, ಒಂದು ಸಲ. ಮಾಲೀಕರು ಎಂಬಲ್ಲಿ ತನ್ನ ಹೆಸರನ್ನೇ ಬರೆದಳು. ಮೂರು ದಿನಕ್ಕೆ ಪತ್ರ ಬಂತು: "ಪ್ರದರ್ಶನ ವಸ್ತುವು ತನ್ನ ಮಾಲೀಕತ್ವವನ್ನು ತಾನೇ ಘೋಷಿಸಿಕೊಂಡಿರುವುದು ಕಂಡುಬಂದಿದ್ದು, ನಿಯಮದಲ್ಲಿ ಇದಕ್ಕೆ ಅವಕಾಶವಿರುವುದಿಲ್ಲ."

ಅವಳ ತಂದೆ ಧರಣೇಂದ್ರ ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿ. ಮಾಲೀಕರ ಸಹಿ ಕೇಳಿದಾಗ, ಮಾಲು ಮುಟ್ಟಿದ ಮೇಲೆ ಇಳಿಸಿಕೊಂಡವರೇ ಸಹಿ ಮಾಡುವುದು ಪೇಟೆಯ ಪದ್ಧತಿ ಎಂದು ಅಳಿಯನ ಕಡೆ ಕೈ ತೋರಿಸಿದ. ಗಂಡ ಪಾರ್ಶ್ವ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎಂಜಿನಿಯರು, ಸಂಭಾವಿತ. ನಾಚಿಕೆಪಡುತ್ತಲೇ ಸಹಿ ಹಾಕಿದ. ಹಾಕಿದ ಮೇಲೆ, ಮಾಲೀಕ ಎಂಬ ಶಬ್ದದ ಕೆಳಗೆ ತನ್ನ ಹೆಸರು ಹೇಗೆ ಕಾಣುತ್ತದೆಂದು ಸ್ವಲ್ಪ ಹೊತ್ತು ನೋಡಿದ. ಅನುಜಾಳಿಗೆ ಸಿಟ್ಟು ಬಂತು. ಅನುಮತಿಯೂ ಬಂತು.

ಷರತ್ತು ಒಂದೇ. ಸೀರೆ ಅರ್ಜಿಯ ಅಡಕವಾದ್ದರಿಂದ ಪರಿಶೀಲನೆಗಾಗಿ ಒಂದು ದಿನ ಕಚೇರಿಯಲ್ಲಿ ಇಡಬೇಕು.

ಪ್ರದರ್ಶನದ ಬೆಳಿಗ್ಗೆ ಸೀರೆ ಮರಳಿ ಸಿಕ್ಕಿತು. ದಾಖಲೆಯಲ್ಲಿ ಖಾಲಿ ಜಾಗ ಬಿಟ್ಟರೆ ಆಮೇಲೆ ಯಾರಾದರೂ ಏನಾದರೂ ಸೇರಿಸುತ್ತಾರೆ ಎಂದು ಅಡ್ಡಗೆರೆ ಎಳೆದು ಮುಚ್ಚುವುದು ಕರೆಪ್ಪನ ಕೈಗೆ ಹತ್ತಿದ ರೂಢಿ. ಸೀರೆಯೋ, ಪೂರ್ತಿ ಖಾಲಿ ಇತ್ತು. ಅವನು ಸ್ಕೇಲು ಹಿಡಿದು ಕೂತು, ಸೆರಗಿನಿಂದ ನಿರಿಗೆಯವರೆಗೆ ಕೆಂಪು ಶಾಯಿಯ ಗೆರೆ ಎಳೆದು, ಗೇಣಿಗೊಂದು ಕಿರುಸಹಿ ಹಾಕಿ, ತುದಿಗೆ ಮೊಹರು ಒತ್ತಿದ್ದ.

"ಒಂದು ಗೇಣೂ ಬಿಟ್ಟಿಲ್ರಿ," ಎಂದ.

ಹಾಗಾದರೆ ಹೆಂಗಸರು ಎಲ್ಲಿ ಬರೆಯಬೇಕೆಂದು ಅನುಜಾ ಕೇಳಿದಳು. ಗೆರೆಯ ಮೇಲೆ ಬರೆದರೆ ಅದು ತಿದ್ದುಪಡಿ, ತಿದ್ದುಪಡಿಗೆ ಬರೆಯುವವಳ ಮಾಲೀಕರ ಒಪ್ಪಿಗೆ ಬೇಕು ಎಂದು ಕರೆಪ್ಪ ಸಮಾಧಾನದಿಂದ ತಿಳಿಸಿದ. ಬಾಗಿಲಿಗೆ ಪ್ರಕಟಣೆ ಅಂಟಿಸಿಯೂ ಆಗಿತ್ತು: "ಬರೆಯಲಿಚ್ಛಿಸುವ ಮಹಿಳೆಯರು ತಂತಮ್ಮ ಮಾಲೀಕರೊಂದಿಗೆ ಸಾಲಿನಲ್ಲಿ ಬರತಕ್ಕದ್ದು. ಮಾಲೀಕರಿಗೆ ಕುರ್ಚಿಯ ವ್ಯವಸ್ಥೆ ಇದೆ."

ಬಂದ ಹೆಂಗಸರು ಪ್ರಕಟಣೆ ಓದಿ, ಮನೆಗೆ ಹೋಗಿ, ಗಂಡನನ್ನೋ ಅಣ್ಣನನ್ನೋ ಕರೆದುಕೊಂಡು ಬಂದರು. ಹನ್ನೊಂದರೊಳಗೆ ಕುರ್ಚಿ ತುಂಬಿದವು. ಭವನದಲ್ಲಿ ಇಷ್ಟು ಜನ ಸೇರಿದ್ದು ಇದೇ ಮೊದಲು.

ಸೋನಾಬಾಯಿ ಖಾನಾಪುರದ ಬಸ್ಸಿಳಿದು ಬಂದು ಸಾಲಿನ ಮುಂದೆ ನಿಂತಳು. ಅವಳ ಮಾಲೀಕರು ತೀರಿಕೊಂಡು ಹನ್ನೊಂದು ವರ್ಷ. ವಾರಸುದಾರರ ಸಹಿ ನಡೆಯುತ್ತದೆ ಎಂದಾಗ ಧರಣೇಂದ್ರನನ್ನು ಅಂಗಡಿಯಿಂದ ಕರೆಸಿದರು. ಏನು ಬರೆಯುತ್ತೀ ಎಂದು ಅವನು ತಾಯಿಯನ್ನು ಕೇಳಿದ. ಅವಳು ಹೇಳಿದಳು. ಧರಣೇಂದ್ರ ಆರನೆಯವನು.

ಕರೆಪ್ಪನ ಪೆನ್ನು ಇಸಿದುಕೊಂಡು ಒಪ್ಪಿಗೆಯ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡ. ಆಮೇಲೆ ಷರಾ ಅಂಕಣದಲ್ಲಿ ಬರೆದ: "ಆರು ಎಂಬುದನ್ನು ಐದು ಎಂದು ತಿದ್ದಿದಲ್ಲಿ ನನ್ನದೇನೂ ಆಕ್ಷೇಪಣೆ ಇರುವುದಿಲ್ಲ."

ಅನುಜಾ ಬಾಯಿ ತೆರೆದಳು.

"ಅಕ್ಕಾರ, ಅಳ್ಳಾಡಬ್ಯಾಡ್ರಿ," ಎಂದ ಕರೆಪ್ಪ. "ಎಲ್ಲಾರದೂ ರದ್ದ ಆಗತೈತಿ."

ಅಜ್ಜಿಯ ಹಿಂದೆ ಮೂವತ್ತು ಹೆಂಗಸರಿದ್ದರು. ಅನುಜಾ ಬಾಯಿ ಮುಚ್ಚಿದಳು.

ಸೋನಾಬಾಯಿ ಮಗನ ಮುಖ ನೋಡಿದಳು. ಐವತ್ತೈದು ದಾಟಿದ ಬೆಲ್ಲದ ವ್ಯಾಪಾರಿ ಊಟ ಸಿಗದ ಮಗುವಿನ ಹಾಗೆ ಕೂತಿದ್ದ. "ಆಗಲಿ ಬಿಡಪಾ," ಎಂದಳು. "ಐದು ಅಂತನ ಬರೀತೀನಿ." ಮೊಮ್ಮಗಳ ಹೆಗಲ ಮೇಲೆ ಸಾವಕಾಶ ಬರೆದಳು. ಕರೆಪ್ಪ ಮೊಹರು ಒತ್ತಿದ. ಮಾಲೀಕರೆಲ್ಲ ಚಪ್ಪಾಳೆ ತಟ್ಟಿದರು.

ಮರುದಿನ ಉಳಿದ ಐವರು ಮಕ್ಕಳಿಂದಲೂ ಅರ್ಜಿ ಬಂತು. ತಾವೂ ಸಮಾನ ವಾರಸುದಾರರು, ತಮ್ಮನ್ನೂ ಕಡಿಮೆ ಮಾಡಬೇಕು ಎಂದು ಅವರ ಕೋರಿಕೆ. ಅದರಲ್ಲಿ ನ್ಯಾಯವಿತ್ತು. ಕರೆಪ್ಪ ಒಂದೊಂದಾಗಿ ತಿದ್ದಿ, ಒಂದೊಂದಕ್ಕೂ ಕಿರುಸಹಿ ಹಾಕಿದ.

ಸೀರೆ ಈಗ ಭವನದ ಗಾಜಿನ ಕಪಾಟಿನಲ್ಲಿದೆ. "ಸೊನ್ನೆ ಹಡದೆ. ಬೇಕೇನು ಅಂತ ಒಬ್ರೂ ಕೇಳಲಿಲ್ಲ," ಎಂಬ ಸಾಲು ದೂರದಿಂದಲೂ ಓದಲು ಬರುತ್ತದೆ. ಹೋದ ತಿಂಗಳು ಸೋನಾಬಾಯಿ ಆರೂ ಮಕ್ಕಳ ಜೊತೆ ಬಂದು ನೋಡಿದಳು. ಕಪಾಟಿನ ಮುಂದೆ ಅವಳನ್ನು ನಡುವೆ ಕೂಡಿಸಿ ಎಲ್ಲರೂ ಸಾಲಾಗಿ ನಿಂತರು. ಫೋಟೋ ತೆಗೆದವಳು ಅನುಜಾ.

"ಯಾರೂ ಅಳ್ಳಾಡಬ್ಯಾಡ್ರಿ," ಎಂದಳು.